ಸೆನ್ಸರ್‌ಗೂ ಮುದ್ರೆ ಬೀಳಲಿ, ಅದೂ ನಮ್ಮ ಮಣ್ಣಲ್ಲೇ

ತೆರಕಣಾಂಬಿ ಮಾರುಕಟ್ಟೆಯಲ್ಲಿ ನಮ್ಮ ಟೊಮೆಟೊ, ಬೀನ್ಸ್ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನ ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ? ಅದರ ಮೇಲೆ ಒಂದು ಸೀಲ್ ಇರಬೇಕು. ಕಾನೂನು ಮಾಪನ ಇಲಾಖೆಯವರು ಕಾಲಕಾಲಕ್ಕೆ ಪರೀಕ್ಷೆ ಮಾಡಿ ಹಾಕುವ ಮುದ್ರೆ ಅದು. ಮುದ್ರೆ ಇಲ್ಲದ ತಕ್ಕಡಿ ಅಂದರೆ ನಮ್ಮ ರೈತರು ಅಲ್ಲೇ ಜಗಳಕ್ಕೆ ನಿಲ್ತಾರೆ, ನಿಲ್ಲಲೇಬೇಕು. ಆದರೆ ಅದೇ ನಾವು ಮಣ್ಣಿನ ತೇವ ಅಳೆಯುವ ಸೆನ್ಸರ್ ತರುವಾಗ "ಇದನ್ನ ಯಾವ ಮಣ್ಣಲ್ಲಿ ಪರೀಕ್ಷೆ ಮಾಡಿದ್ದೀರಿ?" ಅಂತ ಒಂದು ಮಾತು ಕೇಳಲ್ಲ. ಮೊಬೈಲ್‌ನಲ್ಲಿ ಶೇ. 24 ಅಂತ ಬಂದರೆ ನಂಬ್ತೀವಿ, ಶೇ. 12 ಅಂತ ಬಂದರೆ ಓಡಿಹೋಗಿ ಮೋಟರ್ ಆನ್ ಮಾಡ್ತೀವಿ.

ಈ ವಾರ ನಾನು ಬರೀತಿರೋದು ಗೊಬ್ಬರದ ಬಗ್ಗೆ ಅಲ್ಲ, ರೋಗದ ಬಗ್ಗೆಯೂ ಅಲ್ಲ. ಚಿಪ್ ಬಗ್ಗೆ. ಗುಂಡ್ಲುಪೇಟೆಯ ರೈತನಿಗೂ ಚಿಪ್ಪಿಗೂ ಏನು ಸಂಬಂಧ ಅಂತ ಪುಟ ದಾಟಿಸಬೇಡಿ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೆಮಿಕಂಡಕ್ಟರ್ ಕ್ಷೇತ್ರಕ್ಕೆ 76,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ದೊಡ್ಡ ಪಾಲು ಕಾರ್ಖಾನೆ ಕಟ್ಟುವವರಿಗೆ ಪ್ರೋತ್ಸಾಹಧನ. ಅದರ ಜೊತೆಗೆ ಐಐಟಿಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಚಿಪ್ ವಿನ್ಯಾಸಕ್ಕೆ, ಸೆನ್ಸರ್ ಸಂಶೋಧನೆಗೆ ವರ್ಷ ವರ್ಷ ಸರ್ಕಾರದ ಹಣ ಹೋಗ್ತಿದೆ. ಹೋಗಲಿ, ಬೇಕು. ಡ್ರಿಪ್ ಪೈಪಿನಿಂದ ಹಿಡಿದು ಮೊಬೈಲ್ ರೀಚಾರ್ಜ್‌ವರೆಗೆ ತೆರಿಗೆ ಕಟ್ಟುವ ನಾವೂ ಆ ಹಣದಲ್ಲಿ ಪಾಲುದಾರರು. ಹಾಗಾಗಿ ನನಗೆ ಒಂದು ಮಾತು ಹೇಳೋ ಹಕ್ಕಿದೆ ಅಂದುಕೊಂಡಿದ್ದೀನಿ. ಆ ಸಂಶೋಧನೆ ಪೇಪರ್ ಪ್ರಕಟವಾದ ದಿನಕ್ಕೆ ಮುಗಿಯಬಾರದು. ನಮ್ಮ ಮಣ್ಣಲ್ಲಿ ಅಳೆದು ನೋಡಿ ಅಂಕಿ ಸರಿ ಮಾಡಿದ ದಿನಕ್ಕೆ ಮುಗಿಯಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡೋಣ. ಚಿಪ್ ಅಂದ ತಕ್ಷಣ ತೈವಾನ್, ಅಮೆರಿಕ, ಮೂರು ನ್ಯಾನೋಮೀಟರ್ ಅಂತೆಲ್ಲ ಮಾತು ಶುರುವಾಗತ್ತೆ. ಒಂದು ನ್ಯಾನೋಮೀಟರ್ ಅಂದರೆ ಒಂದು ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಭಾಗ. ನಿಮ್ಮ ದುಬಾರಿ ಫೋನಿಗೆ ಅಷ್ಟು ಸಣ್ಣ ಕುಸುರಿ ಬೇಕು. ಬಾಳೆ ತೋಟದಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ತೇವ ಅಳೆದು, ಅಂಕಿ ಕಳಿಸಿ ಮತ್ತೆ ಮಲಗುವ ಚಿಪ್ಪಿಗೆ ಅದು ಬೇಡವೇ ಬೇಡ. ಅದಕ್ಕೆ 180 ನ್ಯಾನೋಮೀಟರಿನ ಹಳೇ ತಂತ್ರಜ್ಞಾನ ಧಾರಾಳ ಸಾಕು. ಅದು ನಮ್ಮ ದೇಶದಲ್ಲೇ ಇದೆ, ಸರ್ಕಾರದ್ದೇ ಇದೆ. ಪಂಜಾಬಿನ ಮೊಹಾಲಿಯಲ್ಲಿರುವ ಸೆಮಿಕಂಡಕ್ಟರ್ ಲ್ಯಾಬೊರೇಟರಿ 1980ರ ದಶಕದಲ್ಲಿ ಉತ್ಪಾದನೆ ಶುರು ಮಾಡಿತ್ತು. 1989ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಮತ್ತೆ ಎದ್ದು ನಿಲ್ಲೋಕೆ ವರ್ಷಗಳೇ ಹಿಡಿದವು. ಈಗ ಅಲ್ಲಿ ಆಗೋದು 180 ನ್ಯಾನೋಮೀಟರ್ ಕೆಲಸ. 2025ರ ಸೆಪ್ಟೆಂಬರ್‌ನಲ್ಲಿ ಸುದ್ದಿಯಾದ ಇಸ್ರೋದ ವಿಕ್ರಮ್ 3201 ಪ್ರೊಸೆಸರ್ ಅಲ್ಲೇ ತಯಾರಾದದ್ದು. ಮದ್ರಾಸ್ ಐಐಟಿಯವರ ಶಕ್ತಿ ಪ್ರೊಸೆಸರಿನ ಒಂದು ಚಿಪ್ ಕೂಡ 2018ರಲ್ಲಿ ಅಲ್ಲೇ ಆಯಿತು. ರಾಕೆಟ್ ಹಾರಿಸೋಕೆ ಸಾಕಾಗುವ ತಂತ್ರಜ್ಞಾನ ನಮ್ಮ ಅರಿಶಿನದ ಹೊಲಕ್ಕೆ ಸಾಲಲ್ಲ ಅಂದರೆ ನಾನಂತೂ ಒಪ್ಪಲ್ಲ.

ಹಾಗಾದರೆ ಕಷ್ಟ ಎಲ್ಲಿದೆ? ಮಣ್ಣಲ್ಲಿದೆ.

ಈಗ ಆನ್‌ಲೈನ್‌ನಲ್ಲಿ ಸಿಗುವ ಬಹುಪಾಲು ತೇವದ ಸೆನ್ಸರ್‌ಗಳು ಕೆಪಾಸಿಟಿವ್ ಜಾತಿಯವು. ಅವು ನೀರನ್ನ ನೇರವಾಗಿ ಅಳೆಯಲ್ಲ. ಸುತ್ತಲಿನ ವಸ್ತು ಎಷ್ಟು ವಿದ್ಯುತ್ ಆವೇಶ ಹಿಡಿದಿಟ್ಟುಕೊಳ್ಳತ್ತೆ ಅಂತ ನೋಡ್ತವೆ. ಗಾಳಿಗೆ ಆ ಗುಣ 1 ಅಂತ ಇಟ್ಟುಕೊಂಡರೆ ಒಣ ಮಣ್ಣಿಗೆ ಹೆಚ್ಚುಕಡಿಮೆ 3ರಿಂದ 5, ನೀರಿಗೆ ಸುಮಾರು 80. ನೀರಿನದು ಅಷ್ಟು ದೊಡ್ಡದು ಇರೋದರಿಂದ ಮಣ್ಣಲ್ಲಿ ಒಂಚೂರು ನೀರು ಹೆಚ್ಚಾದರೂ ಸೆನ್ಸರ್‌ಗೆ ಗೊತ್ತಾಗತ್ತೆ. ಇಲ್ಲಿವರೆಗೆ ಚೆನ್ನಾಗಿದೆ. ಆದರೆ ಚಿಪ್ಪಿಗೆ ಸಿಗೋದು ಒಂದು ವೋಲ್ಟೇಜು ಮಾತ್ರ. ಆ ವೋಲ್ಟೇಜಿಗೆ ಎಷ್ಟು ಶೇಕಡಾ ತೇವ ಅಂತ ಲೆಕ್ಕ ಕಟ್ಟಿಕೊಡೋದೇ ಕ್ಯಾಲಿಬ್ರೇಷನ್. ತಕ್ಕಡಿಗೆ ಮುದ್ರೆ ಹಾಕುವ ಕೆಲಸ ಅಂತೀನಲ್ಲ, ಅದೇ ಇದು. ಮಣ್ಣು ಬದಲಾದರೆ ಆ ಲೆಕ್ಕವೂ ಬದಲಾಗತ್ತೆ. ಜೇಡಿ ಹೆಚ್ಚಿದ್ದರೆ ಒಂದು, ಮರಳು ಹೆಚ್ಚಿದ್ದರೆ ಇನ್ನೊಂದು, ಬೋರ್‌ವೆಲ್ ನೀರಲ್ಲಿ ಉಪ್ಪು ಇದ್ದರೆ ಮತ್ತೊಂದು. ಮಧ್ಯಾಹ್ನದ ಬಿಸಿಗೂ ಅಂಕಿ ಏರುಪೇರಾಗತ್ತೆ.

ನನಗೆ ಇದು ಕೈಯಾರೆ ಗೊತ್ತಾದ ವಿಷಯ. ಸ್ವಂತದ ಹೊಲ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಮರಳು ಮಿಶ್ರಿತ ಕೆಂಪು ಮಣ್ಣು, ಅಲ್ಲಿ ಬಾಳೆ. ಗುತ್ತಿಗೆಗೆ ಹಿಡಿದಿರೋದು ಚಾಮರಾಜನಗರ ತಾಲ್ಲೂಕಿನಲ್ಲಿ, ಕಪ್ಪು ಮಣ್ಣು, ಅಲ್ಲಿ ಅರಿಶಿನ. ಒಂದೇ ಸೆನ್ಸರ್ ಎರಡೂ ಕಡೆ ಚುಚ್ಚಿದ್ದೀನಿ. ಕೆಂಪು ಮಣ್ಣಲ್ಲಿ ಶೇ. 20 ತೋರಿಸ್ತಿದ್ದಾಗ ಬಾಳೆ ಎಲೆ ಬಿಚ್ಚಿಕೊಂಡು ಆರಾಮಾಗಿತ್ತು. ಕಪ್ಪು ಮಣ್ಣಲ್ಲಿ ಅದೇ ಶೇ. 20ಕ್ಕೆ ಅರಿಶಿನದ ಎಲೆ ಬೆಳಗ್ಗೆ ಹತ್ತಕ್ಕೇ ಸುರುಳಿ ಸುತ್ತಿತ್ತು. ಜೇಡಿ ಮಣ್ಣು ನೀರನ್ನ ಬಿಗಿಯಾಗಿ ಹಿಡ್ಕೊಂಡಿರತ್ತೆ, ಬೇರಿಗೆ ಬಿಟ್ಟುಕೊಡಲ್ಲ. ನೀರು ಇದೆ, ಆದರೆ ಬೆಳೆಗಿಲ್ಲ. ಇನ್ನು ಕಪ್ಪು ಮಣ್ಣು ಒಣಗಿ ಬಿರುಕು ಬಿಟ್ಟ ಮೇಲಂತೂ ಕೇಳಲೇಬೇಡಿ. ಒಂದು ಗೇಣು ಅಂತರದಲ್ಲಿ ಎರಡು ಕಡೆ ಚುಚ್ಚಿದರೆ ಒಂದು ಕಡೆ 31, ಇನ್ನೊಂದು ಕಡೆ 12. ಎರಡನೇದರ ಪಕ್ಕ ಬಿರುಕು ಇತ್ತು, ಸೆನ್ಸರ್ ಅಳೆದದ್ದು ಗಾಳಿಯನ್ನ. ಪಕ್ಕದ ಹೊಲದ ಹಿರಿಯರು ನೋಡ್ತಾ ನಿಂತಿದ್ದರು. "ಮಣ್ಗೂ ಜ್ವರ ನೋಡೀಯಾ ಮೊಗ?" ಅಂದು, ಒಂದು ಹಿಡಿ ಮಣ್ಣು ಎತ್ತಿ ಉಂಡೆ ಕಟ್ಟಿ ನೋಡಿ, "ನಾಳಿದ್ದು ಬುಟ್ರಾಯ್ತು ನೀರ" ಅಂದು ಹೋದರು. ಆ ದಿನ ಅವರ ಕೈಯೇ ಸೆನ್ಸರಿಗಿಂತ ಸರಿಯಾಗಿತ್ತು. ಯಾಕೆ ಅಂದರೆ ಆ ಕೈ ಅದೇ ಮಣ್ಣಲ್ಲಿ ನಲವತ್ತು ವರ್ಷ ಕ್ಯಾಲಿಬ್ರೇಟ್ ಆಗಿದೆ!

ಹಾಗಂತ ಸೆನ್ಸರ್ ಬೇಡ ಅಂತ ನಾನು ಹೇಳ್ತಿಲ್ಲ. ಆ ಹಿರಿಯರ ಕೈ ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದಾಗ ನಮ್ಮ ಹೊಲದಲ್ಲಿರಲ್ಲ. ಕಾಡಂಚಿನ ಹೊಲಗಳಿಗೆ ಆ ಹೊತ್ತಿಗೆ ನಾವೂ ಹೋಗೋ ಹಾಗಿಲ್ಲ, ಆನೆ ಎಲ್ಲಿ ನಿಂತಿರತ್ತೋ. ಬೋರ್ ಕೊರೆಸೋಕೆ ಆಗುವ ಖರ್ಚು, ನೀರು ಬೀಳದೆ ಹೋದ ಬೋರುಗಳ ಲೆಕ್ಕ ನಿಮಗೆಲ್ಲ ಗೊತ್ತಿರೋದೇ. ನಮ್ಮದು ಬೆಟ್ಟದ ಮಳೆ ನೆರಳಿನ ಸೀಮೆ. ಒಂದು ಸಲ ಬೇಡದೆ ನೀರು ಬಿಟ್ಟರೆ ಕರೆಂಟೂ ದಂಡ, ಗೊಬ್ಬರವೂ ಬೇರಿನಿಂದ ಕೆಳಗೆ ಇಳಿದುಹೋಗತ್ತೆ, ಅರಿಶಿನಕ್ಕೆ ಗೆಡ್ಡೆ ಕೊಳೆ ರೋಗಕ್ಕೂ ದಾರಿ. ಸರಿಯಾದ ಅಂಕಿ ಸಿಕ್ಕರೆ ಅದು ದುಡ್ಡು. ತಪ್ಪು ಅಂಕಿ ಸಿಕ್ಕರೆ ಅಂಕಿ ಇಲ್ಲದಿರೋದಕ್ಕಿಂತ ಕಡೆ.

ಸರ್ಕಾರಿ ಸಂಶೋಧನೆ ಹೊಲದವರೆಗೆ ಬಂದೇ ಇಲ್ವಾ? ಬಂದಿದೆ. ನಮ್ಮ ರಾಜ್ಯದಲ್ಲೇ ಬಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ ಅಷ್ಟೆ. 2000ದ ದಶಕದ ನಡುವಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಸೇರಿ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಕಾಮನ್‌ಸೆನ್ಸ್ ನೆಟ್ ಅನ್ನೋ ಯೋಜನೆ ಮಾಡಿದರು. ಮಳೆ ನಂಬಿ ಕಡಲೆಕಾಯಿ ಬೆಳೆಯುವ ಬರದ ಸೀಮೆ ಅದು. ಮಣ್ಣಿನ ತೇವ, ಉಷ್ಣಾಂಶ ಅಳೆಯುವ ಸೆನ್ಸರ್‌ಗಳು ತಂತಿಯಿಲ್ಲದೆ ಒಂದಕ್ಕೊಂದು ಮಾಹಿತಿ ದಾಟಿಸುತ್ತಾ ಊರಿನ ಒಂದು ಕಡೆಗೆ ತಲುಪಿಸೋದು, ಅಲ್ಲಿಂದ ಬೆಂಗಳೂರಿಗೆ. ಆಗಿನ್ನೂ ನಮ್ಮ ಕೈಲಿ ಸ್ಮಾರ್ಟ್‌ಫೋನ್ ಇರಲಿಲ್ಲ ಅನ್ನೋದು ನೆನಪಿರಲಿ.

ಆ ಯೋಜನೆಯಲ್ಲಿ ನನಗೆ ಹಿಡಿಸಿದ ವಿಷಯ ಎರಡು. ಸೆನ್ಸರ್ ನೆಡುವ ಮೊದಲು ಅವರು ಊರಿನ ರೈತರನ್ನ ಕೂರಿಸಿಕೊಂಡು "ನಿಮಗೆ ಯಾವ ಮಾಹಿತಿ ಬೇಕು?" ಅಂತ ಸಮೀಕ್ಷೆ ಮಾಡಿದರು. ಎರಡನೇದು, ಒಬ್ಬೊಬ್ಬ ಸಣ್ಣ ರೈತನೂ ಸೆನ್ಸರ್ ಕೊಂಡುಕೊಳ್ಳಲಿ ಅಂತ ಅವರು ಹೊರಡಲಿಲ್ಲ. ಆಯ್ದ ಕೆಲವು ಜಾಗದಲ್ಲಿ ನೆಟ್ಟು, ಅದರ ಲೆಕ್ಕ ಊರಿಗೆಲ್ಲ ಉಪಯೋಗ ಆಗಬೇಕು ಅನ್ನೋ ಯೋಚನೆ. ಇವತ್ತಿನ ಮಾರಾಟಗಾರರು ಇದರ ಉಲ್ಟಾ ಮಾಡ್ತಾರೆ: ಎಕರೆಗೊಂದು ಹಾಕಿಸಿಕೊಳ್ಳಿ ಅಂತಾರೆ. ಆದರೆ ಪಾವಗಡದ ಕೆಲಸದಿಂದ ಒಳ್ಳೊಳ್ಳೆ ಸಂಶೋಧನಾ ಲೇಖನಗಳು ಬಂದವೇ ಹೊರತು, ಅದರ ದೆಸೆಯಿಂದ ನಮ್ಮ ಕಡೆಯ ಅಂಗಡಿಗೆ ಒಂದು ಸಾಮಾನು ಬರಲಿಲ್ಲ. ಅದನ್ನ ನಾನು ಆ ವಿಜ್ಞಾನಿಗಳ ತಪ್ಪು ಅನ್ನಲ್ಲ. ಯೋಜನೆಯ ಹಣ ಒಂದು ಅವಧಿಗೆ ಇರತ್ತೆ, ವಿದ್ಯಾರ್ಥಿ ಪಿಎಚ್‌.ಡಿ. ಮುಗಿಸಿ ಹೋಗ್ತಾನೆ, ಬ್ಯಾಟರಿ ಬದಲಾಯಿಸೋಕೆ ಯಾರಿಗೂ ಸಂಬಳ ಇರಲ್ಲ. ಸಂಶೋಧನೆಗೆ ದುಡ್ಡು ಕೊಡುವವರೇ ಆ ಕೊನೆಯ ಮೈಲಿಯನ್ನ ಸಂಶೋಧನೆ ಅಂತ ಲೆಕ್ಕಕ್ಕೆ ತಗೊಂಡಿಲ್ಲ.

ಇನ್ನೊಂದು ಉದಾಹರಣೆ ನಮಗೆ ಬಹಳ ಹತ್ತಿರದ್ದು. ಅರಿಶಿನ ತುಂಬಿಕೊಂಡು ಈರೋಡಿಗೆ ಹೋಗುವವರಿಗೆ ದಿಂಬಂ ಘಾಟಿ ಹೊಸದಲ್ಲ. ಅದೇ ದಾರಿಯಲ್ಲಿ ಇಳಿದು ಕೊಯಮತ್ತೂರಿಗೆ ಹೋದರೆ ಐಸಿಎಆರ್‌ನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆ ಇದೆ. ಅಲ್ಲಿಯವರು ಮಣ್ಣಿನ ತೇವ ಸೂಚಕ ಅಂತ ಒಂದು ಸಣ್ಣ ಸಾಧನ ಮಾಡಿದ್ದಾರೆ. ಎರಡು ಕಡ್ಡಿ, ಮೇಲೊಂದು ಡಬ್ಬಿ, ಅದರಲ್ಲಿ ಬಣ್ಣದ ದೀಪಗಳು. ಚುಚ್ಚಿದರೆ ನೀಲಿ ಹತ್ತಿದರೆ ತೇವ ಬೇಕಾದಷ್ಟಿದೆ, ಹಸಿರು ಹತ್ತಿದರೆ ಸಾಕಷ್ಟಿದೆ, ಕಿತ್ತಳೆ ಅಂದರೆ ಕಡಿಮೆಯಾಗ್ತಿದೆ, ಕೆಂಪು ಅಂದರೆ ತಕ್ಷಣ ನೀರು ಕೊಡು. ಆಪ್ ಇಲ್ಲ, ರೀಚಾರ್ಜ್ ಇಲ್ಲ, ಪಾಸ್‌ವರ್ಡ್ ಇಲ್ಲ. ನಮ್ಮಪ್ಪನ ವಯಸ್ಸಿನವರೂ ಓದಬಹುದು. ಕಬ್ಬು ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು, ನಮ್ಮ ಅರಿಶಿನಕ್ಕೆ, ಸಣ್ಣ ಈರುಳ್ಳಿಗೆ ಯಾವ ದೀಪಕ್ಕೆ ನೀರು ಬಿಡಬೇಕು ಅಂತ ಇಲ್ಲಿಯ ಮಣ್ಣಲ್ಲಿ ನೋಡಿ ಹೇಳೋರು ಬೇಕು. ಮತ್ತೆ ಅದೇ ಮಾತಿಗೆ ಬಂದೆ ನೋಡಿ.

ಸರ್ಕಾರದ ಎಲೆಕ್ಟ್ರಾನಿಕ್ಸ್ ಅಂದರೆ ಕೆಟ್ಟು ನಿಂತಿರತ್ತೆ ಅಂತ ಮೂಗು ಮುರಿಯುವವರಿಗೂ ಒಂದು ಮಾತು. ನಿಮ್ಮ ಗ್ರಾಮ ಪಂಚಾಯಿತಿ ಕಟ್ಟಡದ ಮೇಲೋ ಶಾಲೆ ಮೇಲೋ ಒಂದು ಸೋಲಾರ್ ಹಲಗೆ, ಒಂದು ಡಬ್ಬಿ, ಒಂದು ಆಲಿಕೆಯಂಥದ್ದು ಇರೋದನ್ನ ನೋಡಿರಬಹುದು. ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆ ಮಾಪಕ. ರಾಜ್ಯದಲ್ಲಿ ಇಂಥವು 6,000ಕ್ಕೂ ಹೆಚ್ಚಿವೆ. ಎಷ್ಟು ಮಿಲಿಮೀಟರ್ ಮಳೆ ಬಿತ್ತು ಅಂತ ತಾನಾಗಿ ಬೆಂಗಳೂರಿಗೆ ಕಳಿಸ್ತಾ ಇರತ್ತೆ. ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿದ್ದರೆ ನಿಮಗೆ ಪರಿಹಾರ ಬರತ್ತೋ ಇಲ್ವೋ ಅನ್ನೋದು ಇಂಥ ಮಾಪಕಗಳ ಅಂಕಿ ಮೇಲೇ ನಿಂತಿರತ್ತೆ. ಹೊಲಕ್ಕೆ ಬಂದು ಯಾರೂ ನೋಡಲ್ಲ, ಸೆನ್ಸರ್ ಹೇಳಿದ್ದೇ ಸಾಕ್ಷಿ. ಹಾಗಾಗಿ ಆ ಆಲಿಕೆ ಮೇಲೆ ಮರದ ಕೊಂಬೆ ಬಾಗಿದ್ದರೆ, ಹಕ್ಕಿ ಗೂಡು ಕಟ್ಟಿದ್ದರೆ ಅದು ನಮ್ಮ ದುಡ್ಡಿನ ಪ್ರಶ್ನೆ. ವಿಮೆ ಕಂತು ಕಟ್ಟಿ ಬಂದ ದಿನವೇ ಹೋಗಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ತೊಂದರೆ ಇದ್ದರೆ ಪಂಚಾಯಿತಿಯಲ್ಲಿ ಬರೆದುಕೊಡಿ. ಯುವಕರು ಇಷ್ಟು ಮಾಡಿದರೆ ಊರಿಗೇ ಉಪಕಾರ.

ಈ ಮಳೆ ಮಾಪಕದ ಜಾಲ ಇಷ್ಟು ವರ್ಷ ನಡೆದುಕೊಂಡು ಬಂದಿರೋದು ಅದನ್ನ ನೋಡಿಕೊಳ್ಳೋಕೆ ಒಂದು ಸಂಸ್ಥೆ ಇರೋದರಿಂದ. ಸಾಧನ ಅದ್ಭುತ ಅಂತಲ್ಲ. ಮಣ್ಣಿನ ತೇವದ ಸೆನ್ಸರ್‌ಗೆ ಅಂಥ ದಿಕ್ಕಿಲ್ಲ. ಆ ಖಾಲಿ ಜಾಗಕ್ಕೆ ಖಾಸಗಿಯವರು ಬಂದಿದ್ದಾರೆ. ಬರಲಿ, ಕೆಲವರು ಒಳ್ಳೆ ಕೆಲಸವನ್ನೂ ಮಾಡ್ತಿದ್ದಾರೆ. ಆದರೆ ನನ್ನ ತೋಟದಲ್ಲಿ ಒಂದು ಕಂಪನಿಯ ಸಾಧನ ಹಾಕಿಸಿದ್ದೆ. ಮೊದಲ ವರ್ಷ ಚೆನ್ನಾಗೇ ನಡೀತು. ಎರಡನೇ ವರ್ಷದ ಚಂದಾ ಕಟ್ಟೋದು ತಡವಾದ ದಿನದಿಂದ ಆಪ್ ಬೀಗ ಹಾಕಿಕೊಂಡಿತು. ಹೊಸ ಅಂಕಿ ಹೋಗಲಿ, ನನ್ನದೇ ಹೊಲದ ಹಿಂದಿನ ವರ್ಷದ ಅಂಕಿಗಳೂ ಸಿಗಲಿಲ್ಲ. ಫೋನ್ ಮಾಡಿದರೆ ಚಂದಾ ಕಟ್ಟಿ ಅಂದರು. ಸಾಧನ ನನ್ನದು, ಮಣ್ಣು ನನ್ನದು, ಮಾಹಿತಿ ಮಾತ್ರ ಅವರದ್ದು. ಚಿಪ್ ಕೊಡ್ತೀವಿ ಅಂತ ಹೇಳಿ ಕೈಗೆ ಚಿಪ್ಪು ಕೊಡೋದು ಅಂದರೆ ಇದೇ.

ಅದಕ್ಕೇ ಸಾರ್ವಜನಿಕ ಹಣದಲ್ಲಿ ಆದ ವಿನ್ಯಾಸ ಸಾರ್ವಜನಿಕವಾಗೇ ಉಳಿಯಬೇಕು ಅನ್ನೋದು. ಇದು ಕನಸಿನ ಮಾತಲ್ಲ. ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರಿನ ವಿನ್ಯಾಸ ಓಪನ್ ಸೋರ್ಸ್. ಯಾರು ಬೇಕಾದರೂ ತಗೊಂಡು ಬಳಸಬಹುದು, ಬದಲಾಯಿಸಬಹುದು. ಸೆನ್ಸರ್‌ಗೂ ಅದೇ ನಿಯಮ ಬರಲಿ. ಸರ್ಕ್ಯೂಟು, ಒಳಗಿನ ಪ್ರೋಗ್ರಾಮು, ಯಾವ ಮಣ್ಣಿಗೆ ಯಾವ ಲೆಕ್ಕ ಅನ್ನೋ ಪಟ್ಟಿ, ಎಲ್ಲ ಹೊರಗಿಡಲಿ. ಆಗ ಗುಂಡ್ಲುಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನೂ ಅದನ್ನ ಬಿಚ್ಚಿ ಸರಿಮಾಡಬಲ್ಲ. ಡ್ರಿಪ್ ಪೈಪು ಹಂದಿ ಕಚ್ಚಿ ಹಾಕಿದರೆ ನಾವೇ ಜಾಯಿಂಟ್ ಹಾಕಲ್ವಾ? ಸೆನ್ಸರ್ ಅಷ್ಟು ಸಲೀಸಾಗಬೇಕು.

ವಿಜ್ಞಾನಿ ಗೆಳೆಯರೊಬ್ಬರು ಈ ಮಾತಿಗೆ ಆಕ್ಷೇಪ ಎತ್ತಿದರು. "ಸಂಶೋಧನೆ ಅಂದರೆ ಎಲ್ಲವೂ ನಾಳೆಗೇ ಹೊಲಕ್ಕೆ ಬರಬೇಕು ಅಂದರೆ ಹೇಗೆ? ಹತ್ತು ಬಿತ್ತಿದರೆ ಒಂದು ಮೊಳೆಯತ್ತೆ" ಅಂದರು. ನಿಜ, ನಾನು ಒಪ್ತೀನಿ. ಹೊಸ ವಸ್ತು ಹುಡುಕುವವರು, ಹೊಸ ಚಿಪ್ ಯೋಚಿಸುವವರು ರೈತನ ಮುಖ ನೋಡದೆಯೂ ಕೆಲಸ ಮಾಡಲಿ. ಆದರೆ ಹಣ ಕೇಳುವ ಅರ್ಜಿಯ ಮೊದಲ ಪುಟದಲ್ಲಿ "ಸಣ್ಣ ರೈತರಿಗೆ ನೆರವಾಗಲು" ಅಂತ ಬರೆದು ಹಣ ತಗೊಂಡ ಮೇಲೆ ಸಣ್ಣ ರೈತನ ಮಣ್ಣಲ್ಲಿ ಎರಡು ಹಂಗಾಮು ಇಟ್ಟು ತೋರಿಸಬೇಕು. ಹಸಿರುಮನೆಯ ಕುಂಡದ ಮಣ್ಣಲ್ಲಿ ಅಲ್ಲ.

ಇದನ್ನ ಯಾರು ಮಾಡಬೇಕು ಅಂದರೆ ನನ್ನ ಬಳಿ ಹೆಸರುಗಳಿವೆ. ಹರದನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕೊನೇ ವರ್ಷದ ಮಕ್ಕಳಿಗೆ ಪ್ರಾಜೆಕ್ಟ್ ಬೇಕು, ಎಷ್ಟೋ ಸಲ ರೆಡಿಮೇಡ್ ಪ್ರಾಜೆಕ್ಟ್ ತಂದು ತೋರಿಸಿ ಮುಗಿಸ್ತಾರೆ. ಅದರ ಬದಲು ಜಿಲ್ಲೆಯ ನಾಲ್ಕೈದು ಬಗೆಯ ಮಣ್ಣು ತಂದು ಸೆನ್ಸರಿನ ಲೆಕ್ಕ ಕಟ್ಟಲಿ. ಬೇಕಾಗುವ ಸಾಮಾನು ದೊಡ್ಡದಲ್ಲ: ಗೊತ್ತಿರುವ ಅಳತೆಯ ಒಂದು ಕಬ್ಬಿಣದ ಬಳೆ, ಒಂದು ಒಳ್ಳೆ ತಕ್ಕಡಿ, ಒಂದು ಓವನ್. ಬಳೆ ತುಂಬ ಹಸಿ ಮಣ್ಣು ತೆಗೆದು ತೂಗೋದು, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗೋದು. ವ್ಯತ್ಯಾಸವೇ ನೀರು. ಅದನ್ನ ಸೆನ್ಸರ್ ಹೇಳಿದ ಅಂಕಿ ಪಕ್ಕ ಇಡೋದು. ಒಣ ಮಣ್ಣಿನಿಂದ ಕೆಸರಿನವರೆಗೆ ಇದನ್ನೇ ಹತ್ತಾರು ಸಲ ಮಾಡಿದರೆ ಒಂದು ಗೆರೆ ಸಿಗತ್ತೆ. ಆ ಗೆರೆಯೇ ನಮ್ಮ ಮಣ್ಣಿನ ಮುದ್ರೆ. ಇದಕ್ಕಿಂತ ದೊಡ್ಡದು ಮಾಡೋ ಹುಮ್ಮಸ್ಸಿದ್ದರೆ ಅದಕ್ಕೂ ದಾರಿ ಇದೆ. ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದ ಸೌಲಭ್ಯವನ್ನ ಹೊರಗಿನ ಕಾಲೇಜಿನ ಸಂಶೋಧಕರೂ ಬಳಸಲಿ ಅಂತಲೇ 2008ರಿಂದ ಕೇಂದ್ರ ಸರ್ಕಾರದ ಒಂದು ಕಾರ್ಯಕ್ರಮ ನಡೆದುಬಂದಿದೆ. ನಮ್ಮ ಜಿಲ್ಲೆಯ ಮಕ್ಕಳು ಯಾಕೆ ಅಲ್ಲಿಗೆ ಅರ್ಜಿ ಹಾಕಬಾರದು?

ಸರ್ಕಾರ, ಕಾಲೇಜು ಎಲ್ಲ ಮಾಡೋವರೆಗೆ ಕಾಯಬೇಕಿಲ್ಲ. ನಿಮ್ಮ ಹತ್ತಿರ ಈಗಾಗಲೇ ಒಂದು ಸೆನ್ಸರ್ ಇದ್ದರೆ ಈ ಹಂಗಾಮಿಗೆ ಇಷ್ಟು ಮಾಡಿ. ಅದು ತೋರಿಸುವ ಶೇಕಡಾವನ್ನ ಮರೆತುಬಿಡಿ. ಡ್ರಿಪ್ಪರಿನಿಂದ ಒಂದು ಗೇಣು ದೂರ, ಅರಿಶಿನಕ್ಕಾದರೆ ಒಂದು ಗೇಣು ಆಳ, ಬಾಳೆಗೆ ಸ್ವಲ್ಪ ಹೆಚ್ಚು ಆಳದಲ್ಲಿ ಕೂರಿಸಿ. ಕೂರಿಸುವ ಮುಂಚೆ ಅದೇ ಗುಂಡಿಯ ಮಣ್ಣನ್ನ ನೀರಲ್ಲಿ ಕಲಸಿ ಗಂಜಿಯಂತೆ ಮಾಡಿ ಸುತ್ತ ಹಾಕಿ, ಗಾಳಿ ನಿಲ್ಲಬಾರದು. ಚೆನ್ನಾಗಿ ನೀರು ಬಿಟ್ಟು ಕೆಂಪು ಮಣ್ಣಾದರೆ ಒಂದು ದಿನ, ಕಪ್ಪು ಮಣ್ಣಾದರೆ ಎರಡು ಮೂರು ದಿನ ಬಿಟ್ಟು ಬೆಳಗ್ಗೆ ಹೊತ್ತು ಅಂಕಿ ಬರೆದಿಡಿ. ಅದು ನಿಮ್ಮ ಹೊಲದ 'ತುಂಬಿದ' ಅಂಕಿ. ಆಮೇಲೆ ನೀರು ನಿಲ್ಲಿಸಿ ದಿನಾ ಬೆಳಗ್ಗೆ ಅದೇ ಹೊತ್ತಿಗೆ ನೋಡ್ತಾ ಬನ್ನಿ. ಎಲೆ ಮಧ್ಯಾಹ್ನ ಮುದುಡಿ ಸಂಜೆಗೆ ಸರಿಹೋಗುವ ಮೊದಲ ದಿನದ ಅಂಕಿ ಬರೆದಿಡಿ. ಅದು 'ಬಾಯಾರಿದ' ಅಂಕಿ. ಇವೆರಡರ ನಡುವೆ ಅರ್ಧ ದಾರಿ ಇಳಿಯುವ ಮೊದಲೇ ನೀರು ಕೊಡಿ. ಸೆನ್ಸರ್ 300 ರೂಪಾಯಿಯದ್ದಾದರೂ 30,000ದ್ದಾದರೂ ಈ ಲೆಕ್ಕ ನಡೆಯತ್ತೆ, ಯಾಕೆಂದರೆ ಇದು ನಿಮ್ಮ ಮಣ್ಣಲ್ಲೇ ಹುಟ್ಟಿದ್ದು. ಸೆನ್ಸರ್ ಕಿತ್ತು ಬೇರೆ ಕಡೆ ಹಾಕಿದರೆ ಮಾತ್ರ ಮತ್ತೆ ಮೊದಲಿಂದ ಶುರು ಮಾಡಬೇಕು.

ಆ ಎರಡು ಅಂಕಿಯನ್ನ ಆಪ್‌ನಲ್ಲಲ್ಲ, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾವ ಊರು, ಯಾವ ಬಣ್ಣದ ಮಣ್ಣು, ಯಾವ ಬೆಳೆ, ಯಾವ ಸೆನ್ಸರ್ ಅಂತಲೂ ಬರೆಯಿರಿ. ಮುಂದಿನ ಸಲ ಹರದನಹಳ್ಳಿಗೆ ತರಬೇತಿಗೆ ಹೋದಾಗ ಅದನ್ನ ಮೇಜಿನ ಮೇಲಿಟ್ಟು "ಇದಕ್ಕೊಂದು ಪಟ್ಟಿ ಮಾಡಿಕೊಡಿ ಸಾರ್" ಅಂತ ಕೇಳಿ. ಒಬ್ಬ ಕೇಳಿದರೆ ನಗ್ತಾರೆ, ಐವತ್ತು ಜನ ಕೇಳಿದರೆ ಕಡತ ಮಾಡ್ತಾರೆ. ನನ್ನ ಕೆಂಪು ಮಣ್ಣು, ಕಪ್ಪು ಮಣ್ಣು ಎರಡನ್ನೂ ಜರಡಿ ಹಿಡಿದು ಹತ್ತತ್ತು ಕೆ.ಜಿ. ಚೀಲದಲ್ಲಿ ಕಟ್ಟಿ ಪಡಸಾಲೆಯಲ್ಲಿ ಇಟ್ಟಿದ್ದೀನಿ. ಯಾವ ಕಾಲೇಜಿನ ಮಕ್ಕಳು ಬಂದು ಕೇಳಿದರೂ ಬೈಕಿಗೆ ಕಟ್ಟಿ ಕಳಿಸ್ತೀನಿ.